ರಾತ್ರಿ ಉಳಿದ ಅನ್ನ, ಸ್ವಲ್ಪ ಪಲ್ಯ ಫ್ರಿಜ್‌ನಲ್ಲಿದೆ. ಚಿತ್ರಾನ್ನ ಬಿಟ್ಟು ತಿಂಡಿಗೆ ಬೇರೇನು ಮಾಡಬಹುದು?

ಅಕ್ಕಿ ರೊಟ್ಟಿ ತಟ್ಟಿ. ಅನ್ನ ಸೇರಿದ ರೊಟ್ಟಿ ಬರೀ ಹಿಟ್ಟಿನದಕ್ಕಿಂತ ಮೆತ್ತಗಿರುತ್ತದೆ.

ಒಂದು ಲೋಟ ಅನ್ನಕ್ಕೆ ಒಂದು ಲೋಟ ಅಕ್ಕಿ ಹಿಟ್ಟು. ಫ್ರಿಜ್‌ನ ಅನ್ನ ಗಟ್ಟಿಯಾಗಿರುತ್ತದೆ. ಎರಡು ಚಮಚ ನೀರು ಚಿಮುಕಿಸಿ ಹಬೆಯಲ್ಲಿ ಬಿಸಿ ಮಾಡಿ, ಬಿಸಿಯಿರುವಾಗಲೇ ನುಣ್ಣಗೆ ಕಿವುಚಿ. ಅಗುಳು ಉಳಿದರೆ ರೊಟ್ಟಿ ಅಲ್ಲೇ ಹರಿಯುತ್ತದೆ. ಹುರುಳಿಕಾಯಿ, ಕೋಸಿನಂಥ ಒಣ ಪಲ್ಯ ಅರ್ಧ ಲೋಟ ಹಾಕಬಹುದು. ಅದರಲ್ಲಿ ಉಪ್ಪಿದೆ, ಹಿಟ್ಟಿಗೆ ಬೇಕಾದಷ್ಟೇ ಸೇರಿಸಿ. ಜೊತೆಗೆ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ. ಸಬ್ಬಸಿಗೆ ಸೊಪ್ಪಿದ್ದರೆ ಕೇಳುವುದೇ ಬೇಡ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ಅನ್ನದಲ್ಲಿ ನೀರಿದೆ, ಉಪ್ಪು ತಗುಲಿದ ಈರುಳ್ಳಿಯೂ ನೀರು ಬಿಡುತ್ತದೆ. ಹಾಗಾಗಿ ನೀರಿಲ್ಲದೆ ಕಲಸಿ ಐದು ನಿಮಿಷ ಬಿಡಿ. ಆಮೇಲೂ ಬಿರುಕು ಬಿಟ್ಟರೆ ಒಂದೊಂದೇ ಚಮಚ ಬಿಸಿನೀರು ಹಾಕಿ. ಕೈಗೆ ಅಂಟಿದರೆ ಹಿಟ್ಟು ಉದುರಿಸಿ.

ತಣ್ಣಗಿನ ಕಾವಲಿಗೆ ಎಣ್ಣೆ ಸವರಿ, ಒದ್ದೆ ಕೈಯಲ್ಲಿ ತೆಳ್ಳಗೆ ತಟ್ಟಿ, ನಡುವೆ ನಾಲ್ಕೈದು ತೂತು ಮಾಡಿ ಎಣ್ಣೆ ಬಿಡಿ. ಮಧ್ಯಮ ಉರಿ, ಮುಚ್ಚಳ, ಮೂರ್ನಾಲ್ಕು ನಿಮಿಷ. ಅಂಚು ತಾನೇ ಎದ್ದಾಗ ತಿರುವಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟರೆ ಒಣಗಿ ಹಪ್ಪಳವಾಗುತ್ತದೆ. ಅಷ್ಟರಲ್ಲಿ ಕಾವಲಿ ಬಿಸಿಯಾಗಿರುತ್ತದೆ, ಎರಡನೆಯದನ್ನು ಬಾಳೆ ಎಲೆ ಮೇಲೆ ತಟ್ಟಿ ಕಾವಲಿಗೆ ಮಗುಚಿ. ಎರಕದ ಕಬ್ಬಿಣದ ಕಾವಲಿಯಾದರೆ ತಣ್ಣಗಾಗಲೆಂದು ಬಿಸಿಯಿರುವಾಗಲೇ ನಲ್ಲಿ ಕೆಳಗೆ ಹಿಡಿಯಬೇಡಿ, ಸೀಳು ಬಿಡಬಹುದು.

ರಾತ್ರಿಯಿಡೀ ಹೊರಗೇ ಉಳಿದ ಅನ್ನವಾದರೆ ಬೇಡ. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬೆಳೆದು ಬಿಡುವ ವಿಷ ಮತ್ತೆ ಬೇಯಿಸಿದರೂ ಹೋಗುವುದಿಲ್ಲ.