ಕಾರು ಕೊಟ್ಟರೆ ಸಾಲದು, ಹೆಸರೂ ಹೋಗಬೇಕು

ಓದುಗರ ಪ್ರಶ್ನೆ, ವಾಹನ ವಿಭಾಗದ ಉತ್ತರ

ನನ್ನದು 2018ರ ಸ್ವಿಫ್ಟ್ ಪೆಟ್ರೋಲ್, ಸಿಂಗಲ್ ಓನರ್, 62 ಸಾವಿರ ಕಿ.ಮೀ. ಓಡಿದೆ. ಆನ್‌ಲೈನ್ ಕಂಪನಿಯೊಂದರ ಆ್ಯಪ್ 4.10 ಲಕ್ಷ ತೋರಿಸುತ್ತಿದೆ. ಊರಿನ ಡೀಲರ್ 3.80ಕ್ಕಿಂತ ಮೇಲೆ ಬರುತ್ತಿಲ್ಲ. ಪರಿಚಯದವರ ಕಡೆಯ ಒಬ್ಬರು 4.40 ಕೊಡುತ್ತೇನೆ, ಆದರೆ ಬ್ಯಾಂಕ್ ಸಾಲ ಆಗಬೇಕು ಅನ್ನುತ್ತಾರೆ. ಯಾರಿಗೆ ಕೊಡಲಿ?
(ಓದುಗರು, ದಾವಣಗೆರೆ)

ಮೊದಲು ಆ್ಯಪ್‌ನ 4.10 ಅನ್ನು ಮರೆತುಬಿಡಿ. ಮಾಡೆಲ್, ವರ್ಷ, ಕಿ.ಮೀ. ಇಷ್ಟನ್ನೇ ನೋಡಿ ಯಂತ್ರ ಹೇಳಿದ ಅಂದಾಜು ಅದು. ಅವರ ಹುಡುಗ ಮನೆಗೆ ಬಂದು ಮುಕ್ಕಾಲು ಗಂಟೆ ಕಾರು ನೋಡಿ ವರದಿ ಕಳಿಸಿದ ಮೇಲೆ ನಿಜವಾದ ಬೆಲೆ ಬರುತ್ತದೆ. ಇಂಥ ಕಂಪನಿಗಳಲ್ಲಿ ಕೆಲವು ಕಾರನ್ನು ತಾವೇ ಇಟ್ಟುಕೊಂಡು ಮಾರುತ್ತವೆ, ಕೆಲವು ವರದಿಯನ್ನು ಡೀಲರ್‌ಗಳ ಮುಂದಿಟ್ಟು ಹರಾಜು ಹಾಕುತ್ತವೆ. ಹರಾಜಿನಲ್ಲಿ ಕೊಳ್ಳುವವನು ಕೂಡ ಒಬ್ಬ ಡೀಲರ್ರೇ, ಅವನಿಗೂ ಲಾಭ ಉಳಿಯಬೇಕು. ಹೀಗಾಗಿ ಕೊನೆಯ ಬೆಲೆ ನಿಮ್ಮೂರ ಡೀಲರ್ ಹೇಳಿದ್ದಕ್ಕಿಂತ ತೀರಾ ಮೇಲಿರುವುದು ಅಪರೂಪ. ಬೆಲೆ ಹೇಳಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲ ಕಳೆದು ನನ್ನ ಖಾತೆಗೆ ಬರುವುದೆಷ್ಟು? ಸರ್ವಿಸ್ ಚಾರ್ಜ್, ದಾಖಲೆ ಖರ್ಚು, ಹೆಸರು ವರ್ಗಾವಣೆಯಾಗುವ ತನಕ ಹಿಡಿದಿಟ್ಟುಕೊಳ್ಳುವ ಮೊತ್ತ ಇವೆಲ್ಲ ಆಮೇಲೆ ತಲೆ ಎತ್ತುತ್ತವೆ. ಹಿಡಿದಿಟ್ಟ ಹಣ ಯಾವ ತಾರೀಖಿಗೆ ಬರುತ್ತದೆ ಎಂಬುದು ಕರಾರಿನಲ್ಲೇ ಇರಲಿ.

ಡೀಲರ್ 3.80ಕ್ಕೆ ನಿಂತಿರುವುದಕ್ಕೂ ಲೆಕ್ಕವಿದೆ. ಅವರು 3.80ಕ್ಕೆ ಕೊಂಡು 4.40ಕ್ಕೆ ಮಾರಿದರು ಅಂದುಕೊಳ್ಳಿ. ನಡುವಿನ 60 ಸಾವಿರದ ಮೇಲೆ 18% ಜಿಎಸ್‌ಟಿ ಇದೆ. 2025ರ ಜನವರಿಗೆ ಮುಂಚೆ ಸಣ್ಣ ಪೆಟ್ರೋಲ್ ಕಾರುಗಳಿಗೆ ಇದು 12% ಇತ್ತು. ಅಲ್ಲಿಗೇ ಹತ್ತು ಸಾವಿರದ ಆಸುಪಾಸು ಹೋಯಿತು. ಪಾಲಿಶ್, ಟೈರು, ಬ್ಯಾಟರಿ, ಮಾರಾಟವಾಗುವ ತನಕ ಸಿಕ್ಕಿಕೊಂಡ ಬಂಡವಾಳದ ಬಡ್ಡಿ, ಆಮೇಲೆ ಗಿರಾಕಿ ವಾಪಸ್ ತಂದರೆ ಮಾಡಿಕೊಡಬೇಕಾದ ರಿಪೇರಿ, ಎಲ್ಲವೂ ಉಳಿದದ್ದರಲ್ಲೇ ಆಗಬೇಕು. ಸ್ವಂತ ಬಳಕೆಯ ಕಾರು ಮಾರುವ ನಿಮಗೆ ಈ ತೆರಿಗೆಯಿಲ್ಲ. ನೇರ ಮಾರಾಟದಲ್ಲಿ ಬೆಲೆ ಹೆಚ್ಚು ಸಿಗುವ ಗುಟ್ಟು ಇದೇ: ಡೀಲರ್ ಮಾಡುವ ಕೆಲಸ ನೀವು ಮಾಡುತ್ತೀರಿ, ಅವರ ಕೂಲಿ ನಿಮಗೆ ಬರುತ್ತದೆ.

ನಿಮ್ಮ ಜಾಗದಲ್ಲಿ 4.40ರ ಪಾರ್ಟಿಗೇ ಕೊಡುವುದು ಸರಿ, ಆದರೆ ಗಡುವು ಹಾಕಿ. ಹಳೆ ಕಾರಿಗೆ ಬ್ಯಾಂಕು ಸಾಲ ಕೊಡುವುದು ತನ್ನ ವ್ಯಾಲ್ಯುಯೇಟರ್ ಹೇಳಿದ ಬೆಲೆಯ ಮೇಲೆ, ನೀವಿಬ್ಬರು ಒಪ್ಪಿಕೊಂಡ ಬೆಲೆಯ ಮೇಲಲ್ಲ. ಅಲ್ಲಿ 3.90 ಬಂದರೆ ಉಳಿದದ್ದನ್ನು ಅವರು ಎಲ್ಲಿಂದ ತರುತ್ತಾರೆ ಎಂದು ಈಗಲೇ ಕೇಳಿ. ಎರಡು ವಾರ ಸಮಯ, ಹತ್ತು ಸಾವಿರ ಟೋಕನ್. ಸಾಲ ಆಗದಿದ್ದರೆ ಟೋಕನ್ ವಾಪಸ್ಸೋ ಇಲ್ಲವೋ ಎಂಬುದು ಬರಹದಲ್ಲಿರಲಿ. ಬ್ಯಾಂಕಿನ ಹಣ ಖಾತೆಗೆ ಬೀಳುವ ಮುನ್ನ ಕೀ ಕೊಡಬೇಡಿ, ಪರಿಚಯದವರೇ ಆದರೂ.

ಬೆಲೆ ತಿಳಿಯಲು ಜಾಹೀರಾತು ನೋಡುವವರಿಗೆ ಒಂದು ಮಾತು: ಅಲ್ಲಿರುವುದು ಕೇಳುವ ಬೆಲೆ, ಕುದುರಿದ ಬೆಲೆಯಲ್ಲ. ವಿಮೆ ಪಾಲಿಸಿಯಲ್ಲಿ ಕಾರಿಗೆ ಬರೆದ ಬೆಲೆ, ಅಂದರೆ ಐಡಿವಿ, ಹಿಡಿದು ವಾದಿಸುವುದೂ ವ್ಯರ್ಥ, ಅದು ವಿಮಾ ಕಂಪನಿಯ ಸವಕಳಿ ಲೆಕ್ಕ. ಮತ್ತೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದು ಹೊಸ ಸ್ವಿಫ್ಟ್‌ನ ಬೆಲೆಯೇ ಕೆಳಗೆ ಬಂದಿತು. ಅದಕ್ಕೂ ಹಿಂದೆ ಯಾರಿಗೋ ಎಷ್ಟು ಸಿಕ್ಕಿತ್ತು ಎಂಬುದು ಈಗ ಅಳತೆಗೋಲಲ್ಲ.

ಡೀಲರ್ ಹಣವನ್ನು ಪೂರ್ತಿ ಕೊಟ್ಟರು. ಆದರೆ ಹೆಸರು ವರ್ಗಾವಣೆಯ ಫಾರಂ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರು ಖಾಲಿ ಬಿಟ್ಟು ಸಹಿ ಮಾಡಿಸಿಕೊಂಡಿದ್ದಾರೆ. "ಪಾರ್ಟಿ ಸಿಕ್ಕ ಮೇಲೆ ಅವರ ಹೆಸರಿಗೇ ಮಾಡಿಸುತ್ತೇವೆ" ಅನ್ನುತ್ತಾರೆ. ತೊಂದರೆ ಇದೆಯೇ?
(ಓದುಗರು, ಮೈಸೂರು)

ಇದೆ. ಡೀಲರ್ ತನ್ನ ಹೆಸರಿಗೆ ಮಾಡಿಸಿಕೊಂಡರೆ ಆರ್‌ಸಿಯಲ್ಲಿ ಒಬ್ಬ ಓನರ್ ಹೆಚ್ಚಾಗುತ್ತಾನೆ, ಮುಂದಿನ ಗಿರಾಕಿ ಬೆಲೆ ಕಡಿಮೆ ಕೇಳುತ್ತಾನೆ. ಅದಕ್ಕೇ ಈ ಖಾಲಿ ಫಾರಂ ಪದ್ಧತಿ. ಆದರೆ ಅಲ್ಲಿಯವರೆಗೆ ಸರ್ಕಾರದ ಕಡತದಲ್ಲಿ ಮಾಲೀಕರು ನೀವೇ. ಮೋಟಾರು ವಾಹನ ಕಾಯ್ದೆಯಲ್ಲಿ ‘ಮಾಲೀಕ’ ಅಂದರೆ ನೋಂದಣಿಯಲ್ಲಿ ಹೆಸರಿರುವವನು. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕಾರು ನಾಲ್ಕನೇ ಕೈಗೆ ಹೋಗಿತ್ತು, ಆರ್‌ಸಿಯಲ್ಲಿ ಮಾತ್ರ ಮೊದಲು ಮಾರಿದವರ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬಿತ್ತು. ಆ ಕಾರಿಗೆ ವಿಮೆಯೂ ಇರಲಿಲ್ಲ ಎಂಬುದನ್ನು ಗಮನಿಸಿ.

ಇದಕ್ಕೆ ಕಾನೂನೇ ಒಂದು ದಾರಿ ಮಾಡಿದೆ. 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರ್‌ಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು. ಅಂಥವರಿಗೆ ಕಾರು ಒಪ್ಪಿಸಿದಾಗ ಫಾರಂ 29ಸಿ ಮೂಲಕ ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ತಿಳಿಸಿದರೆ, ಅಂದಿನಿಂದ ಆ ಡೀಲರ್ ಮಾಲೀಕನೆಂದೇ ಗಣನೆ. ಓನರ್ ಸಂಖ್ಯೆಯ ತಕರಾರಿಗೂ ಇದು ಪರಿಹಾರ. ನಿಮ್ಮ ಡೀಲರ್‌ಗೆ ಆ ಪತ್ರವಿದೆಯೇ ಎಂದು ಕೇಳಿ. ಇದ್ದರೆ 29ಸಿ ಮಾಡಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಇಲ್ಲದಿದ್ದರೆ ಇವತ್ತೇ ಹೋಗಿ ಡೆಲಿವರಿ ನೋಟ್ ಬರೆಸಿಕೊಳ್ಳಿ. ಚಾಸಿ ನಂಬರ್, ಎಂಜಿನ್ ನಂಬರ್, ಓಡೋಮೀಟರ್‌ನ ಅಂಕಿ, ಒಪ್ಪಿಸಿದ ತಾರೀಖಿನ ಜೊತೆಗೆ ಗಂಟೆ ಮತ್ತು ನಿಮಿಷ. ಸಂಜೆ 5.20ಕ್ಕೆ ಕಾರು ಕೊಟ್ಟು, ಏಳಕ್ಕೆ ಅದು ಸಿಗ್ನಲ್ ಹಾರಿದರೆ ಆ ನಿಮಿಷವೇ ನಿಮ್ಮ ರಕ್ಷೆ. ಡೀಲರ್‌ನ ಸೀಲು, ಸಹಿ, ಗುರುತಿನ ಚೀಟಿಯ ಪ್ರತಿ ಬೇಕು. ನೀವು ಕೊಡುವ ಆಧಾರ್ ಪ್ರತಿಯ ಮೇಲೆ ‘ಈ ವಾಹನದ ವರ್ಗಾವಣೆಗೆ ಮಾತ್ರ’ ಎಂದು ವಾಹನ ಸಂಖ್ಯೆ ಸಮೇತ ಅಡ್ಡಲಾಗಿ ಬರೆಯಿರಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಡೀಲರ್ ಮಾಡಲಿ ಎಂದು ಕಾಯಬೇಡಿ. ಫಾರಂ 29ಕ್ಕೆ ಅವರ ಹೆಸರನ್ನೇ ತುಂಬಿ, ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವರ್ಗಾವಣೆಯ ಒಟಿಪಿ ಸರ್ಕಾರದ ‘ವಾಹನ್’ ನೋಂದಣಿ ದಾಖಲೆಯಲ್ಲಿರುವ ಮೊಬೈಲ್‌ಗೆ ಬರುತ್ತದೆ, ಆದ್ದರಿಂದ ಅಲ್ಲಿ ನಿಮ್ಮ ಈಗಿನ ನಂಬರ್ ಇದೆಯೇ ಎಂದೂ ನೋಡಿ. ಆಮೇಲೆ ವಾರಕ್ಕೊಮ್ಮೆ ಪರಿವಾಹನ್‌ನಲ್ಲಿ ಗಾಡಿ ನಂಬರ್ ಹಾಕಿ ಹೆಸರು ಬದಲಾಯಿತೇ ಎಂದು ನೋಡುತ್ತಿರಿ.

ನನ್ನ ಕಾರಿನ ಒಂದು ಬಾಗಿಲಿಗೆ ಮಾತ್ರ ಪೇಂಟ್ ಆಗಿದೆ. ತಪಾಸಣೆಗೆ ಬಂದವರು ‘ಆ್ಯಕ್ಸಿಡೆಂಟ್ ಗಾಡಿ’ ಅಂದು 35 ಸಾವಿರ ಇಳಿಸಿದರು. ಅವರು ಏನೇನು ನೋಡುತ್ತಾರೆ? ಮಾರುವ ಮುಂಚೆ ಏನು ರಿಪೇರಿ ಮಾಡಿಸಬೇಕು?
(ಓದುಗರು, ಉಡುಪಿ)

ಬಾಗಿಲಿಗೆ ಪೇಂಟ್ ಆದ ಮಾತ್ರಕ್ಕೆ ಆ್ಯಕ್ಸಿಡೆಂಟ್ ಗಾಡಿ ಆಗುವುದಿಲ್ಲ. ಬಾಗಿಲು, ಬಾನೆಟ್, ಫೆಂಡರ್, ಡಿಕ್ಕಿ ಇವೆಲ್ಲ ಬೋಲ್ಟ್ ಹಾಕಿ ಕೂರಿಸುವ ಭಾಗಗಳು. ಏಪ್ರನ್ (ಬಾನೆಟ್ ಒಳಗೆ ಎಂಜಿನ್‌ನ ಅಕ್ಕಪಕ್ಕದ ತಗಡು), ಪಿಲ್ಲರ್ (ಛಾವಣಿ ಹೊರುವ ಕಂಬ), ಛಾವಣಿ, ಚಾಸಿಯ ಕಾಲುಗಳು ವೆಲ್ಡಿಂಗ್‌ನಲ್ಲಿ ಕೂಡಿದವು; ಅಲ್ಲಿ ಟಿಂಕರಿಂಗ್ ಆಗಿದ್ದರೆ ಬೆಲೆ ಬೀಳುವುದು ನ್ಯಾಯ. ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿ ದುಂಡಗೆ ಇರುತ್ತವೆ, ಗ್ಯಾರೇಜಿನ ವೆಲ್ಡಿಂಗ್ ಹಾಗಿರುವುದಿಲ್ಲ. ಏಪ್ರನ್ ಬಳಿ ಬಾನೆಟ್ ಎತ್ತಿ ತೋರಿಸಿ, ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಪಿಲ್ಲರ್ ತೋರಿಸಿ, ‘ಎಲ್ಲಿದೆ ಹೇಳಿ’ ಎಂದು ಕೇಳುವ ಹಕ್ಕು ನಿಮಗಿದೆ. ವರದಿಯ ಪ್ರತಿ ಕೇಳಿ.

ಪೇಂಟ್ ಮೀಟರ್‌ನಲ್ಲಿ ಕಂಪನಿ ಪೇಂಟ್ ಸುಮಾರು 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಇನ್ನೂರು ದಾಟಿದರೆ ಮೇಲೊಂದು ಕೋಟ್ ಬಿದ್ದಿದೆ, ಐನೂರೋ ಸಾವಿರವೋ ಬಂದರೆ ಅಡಿಯಲ್ಲಿ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಈ ಮೀಟರ್ ಅಲ್ಲಿ ನಡೆಯದು. ಫೆಂಡರ್ ಬೋಲ್ಟ್‌ಗಳ ತಲೆಯ ಪೇಂಟ್ ಸುಲಿದಿದ್ದರೆ ಸ್ಪ್ಯಾನರ್ ಬಿದ್ದಿದೆ ಎಂದರ್ಥ. ಎಂಜಿನ್ ಚಾಲೂ ಇರುವಾಗ ಆಯಿಲ್ ಮುಚ್ಚಳ ತೆಗೆದು ಹೊಗೆ ಬುಸುಗುಡುತ್ತದೆಯೇ ನೋಡುತ್ತಾರೆ, ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಇದೆಯೇ ಎಂದೂ. ಸೀಟ್‌ಬೆಲ್ಟ್ ಕೊನೆಯವರೆಗೆ ಎಳೆಯುವುದು ನೆರೆನೀರಿನ ಕೆಸರಿನ ಗೆರೆ ಹುಡುಕಲು. ಟೈರಿನ ಬದಿಯ ನಾಲ್ಕಂಕಿ ತಯಾರಿಕೆಯ ವಾರ ಮತ್ತು ವರ್ಷ: 3221 ಅಂದರೆ 2021ರ 32ನೇ ವಾರ. ನಿಮ್ಮ ಕರಾವಳಿಯ ಕಾರಾದರೆ ಜ್ಯಾಕ್ ಮೇಲೆತ್ತಿ ತಳದ ತುಕ್ಕು ನೋಡದೆ ಯಾರೂ ಬಿಡುವುದಿಲ್ಲ, ಉಪ್ಪುಗಾಳಿ ಸೈಲೆನ್ಸರಿನಿಂದ ಶುರುಮಾಡುತ್ತದೆ.

ಚೆಕ್ ಎಂಜಿನ್ ದೀಪ ಉರಿಯುತ್ತಿದ್ದರೆ ಹಿಂದಿನ ರಾತ್ರಿ ಮೆಕ್ಯಾನಿಕ್ ಹತ್ತಿರ ದೋಷದ ಕೋಡ್ ಅಳಿಸಿ ಬರುವ ಜಾಣತನ ಬೇಡ. ಅಳಿಸಿದ ಮೇಲೆ ಗಾಡಿಯ ಸ್ವಯಂಪರೀಕ್ಷೆಗಳು ಮತ್ತೆ ಮುಗಿಯಲು ಹಲವು ಬಾರಿ ಓಡಿಸಬೇಕು. ಅವು ಅಪೂರ್ಣವಾಗಿರುವುದು ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ದೋಷಕ್ಕಿಂತ ಮುಚ್ಚಿಟ್ಟದ್ದಕ್ಕೆ ಹೆಚ್ಚು ಹಣ ಇಳಿಯುತ್ತದೆ.

ರಿಪೇರಿಯ ವಿಷಯ: ಬಲ್ಬು, ವೈಪರ್, ಹಾರ್ನ್, ಕೆಲಸ ಮಾಡದ ಪವರ್ ವಿಂಡೋ, ಒಳಗೆ ಹೊರಗೆ ಚೆನ್ನಾಗಿ ತೊಳೆದು ರಬ್ಬಿಂಗ್ ಪಾಲಿಶ್. ಬಾಕಿ ಸರ್ವಿಸ್ ಮಾಡಿಸಿ ಬಿಲ್ ಇಡಿ. ಹೊಸ ಟೈರ್, ಕ್ಲಚ್, ಡೆಂಟಿಂಗ್‌ಗೆ ಕೈ ಹಾಕಬೇಡಿ. ಡೀಲರ್‌ಗೆ ಆಗುವ ಖರ್ಚು ನಿಮಗಿಂತ ಬಹಳ ಕಡಿಮೆ, ನೀವು ಹಾಕಿದ ಹಣ ವಾಪಸ್ ಬಾರದು. ಎರಡನೇ ಕೀ ಮಾತ್ರ ಮನೆಯೆಲ್ಲ ಜಾಲಾಡಿಯಾದರೂ ಹುಡುಕಿ. ಅದಿಲ್ಲ ಅಂದರೆ ಕೆಲವು ಸಾವಿರ ಖಡಾಖಂಡಿತ ಹೋಗುತ್ತದೆ.

ಬ್ಯಾಂಕಿಗೆ ಇನ್ನೂ 1.35 ಲಕ್ಷ ಕಟ್ಟುವುದಿದೆ. ಮಾರಬಹುದೇ?
(ಓದುಗರು, ಹುಬ್ಬಳ್ಳಿ)

ಮಾರಬಹುದು, ಸಾಲ ತೀರಿಸಿಯೇ. ಸಾಲ ಈಗಲೇ ಮುಗಿಸಲು ಎಷ್ಟು ಕಟ್ಟಬೇಕೆಂದು ಹೇಳುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ತೆಗೆಸಿ. ದಂಡ, ಬಡ್ಡಿ ಸೇರಿ ಅಂಕಿ 1.35ಕ್ಕಿಂತ ಮೇಲಿರಬಹುದು. ಕೈಯಲ್ಲಿ ಹಣವಿಲ್ಲದಿದ್ದರೆ ಕೊಳ್ಳುವವರು ಅಷ್ಟನ್ನು ನೇರ ಸಾಲದ ಖಾತೆಗೇ ಕಟ್ಟಲಿ, ಉಳಿದದ್ದು ನಿಮಗೆ. ನಂತರ ಬ್ಯಾಂಕು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸಲು ಸೀಲು ಸಹಿ ಇರುವ ಫಾರಂ 35 ಕೊಡುತ್ತದೆ. ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಇರುತ್ತದೆ, ಬೀರುವಿನಲ್ಲಿಟ್ಟು ಮರೆತರೆ ಮತ್ತೆ ಅಲೆದಾಟ. ಬರೀ ಸಾಲ ತೀರಿದರೆ ಆಗಲಿಲ್ಲ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ‘ಕಂತು ನಾನೇ ಕಟ್ಟಿಕೊಂಡು ಹೋಗುತ್ತೇನೆ, ಕಾರು ಕೊಡಿ’ ಅನ್ನುವವರಿಗೆ ಕೈಮುಗಿದು ಕಳಿಸಿ.

ವಿಮೆಯಲ್ಲಿ 50% ನೋ ಕ್ಲೇಮ್ ಬೋನಸ್ ಇದೆ. ಕಾರಿನ ಜೊತೆ ಹೋಗಿಬಿಡುತ್ತದೆಯೇ? ಫಾಸ್ಟ್ಯಾಗ್ ಏನು ಮಾಡಲಿ?
(ಓದುಗರು, ಬೆಂಗಳೂರು)

ಬೋನಸ್ ನಿಮ್ಮದು, ಕಾರಿನದಲ್ಲ. ಮಾರಿದ ಪುರಾವೆ ಕೊಟ್ಟು ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಳ್ಳಿ, ಮೂರು ವರ್ಷದೊಳಗೆ ಕೊಳ್ಳುವ ನಿಮ್ಮ ಹೊಸ ಕಾರಿಗೆ ನಡೆಯುತ್ತದೆ. ಥರ್ಡ್ ಪಾರ್ಟಿ ಭಾಗ ಹೊಸ ಮಾಲೀಕರಿಗೆ ತಾನಾಗಿ ಹೋದಂತೆ; ಸ್ವಂತ ಹಾನಿಯ ಭಾಗ ಬೇಕಿದ್ದರೆ ಅವರು 14 ದಿನದಲ್ಲಿ ಅರ್ಜಿ ಹಾಕಿ, ಬೋನಸ್‌ನ ವ್ಯತ್ಯಾಸ ಕಟ್ಟಬೇಕು. ಇದನ್ನು ಅವರಿಗೆ ಮೊದಲೇ ಹೇಳಿ.

ಫಾಸ್ಟ್ಯಾಗ್ ಕಿತ್ತರೆ ಸಾಲದು, ಬ್ಯಾಂಕಿನಲ್ಲಿ ಮುಚ್ಚಿಸಬೇಕು. ಒಂದು ವಾಹನಕ್ಕೆ ಒಂದೇ ಟ್ಯಾಗ್ ನಿಯಮ. ನಿಮ್ಮದು ಮುಚ್ಚದೆ ಅವರಿಗೆ ಹೊಸದು ಸಿಗದು, ಸಿಗದವರು ನಿಮ್ಮ ಹಣದಲ್ಲೇ ಟೋಲ್ ದಾಟುತ್ತಾರೆ. ಅಂದಹಾಗೆ ಟ್ರಾಫಿಕ್ ದಂಡದ ಬಾಕಿ ತೀರಿಸಿ, ಮತ್ತು 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟ್ ಹಾಕಿಸಿ. ಇವೆರಡರಿಂದಲೇ ಎಷ್ಟೋ ವರ್ಗಾವಣೆಗಳು ಕೌಂಟರಿನಲ್ಲಿ ನಿಲ್ಲುತ್ತವೆ.

ಕಾರು ತೀರಿಹೋದ ಅಪ್ಪನ ಹೆಸರಲ್ಲಿದೆ. ಡೀಲರ್ "ಸಹಿ ಅಡ್ಜಸ್ಟ್ ಮಾಡೋಣ" ಅನ್ನುತ್ತಿದ್ದಾರೆ.
(ಓದುಗರು, ಕಲಬುರಗಿ)

ಅದು ಫೋರ್ಜರಿ, ಬೇಡ. ಫಾರಂ 31ರಲ್ಲಿ ಮೊದಲು ನಿಮ್ಮ ಹೆಸರಿಗೆ: ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್. 30 ದಿನದಲ್ಲಿ ತಿಳಿಸಿ ಮೂರು ತಿಂಗಳಲ್ಲಿ ಅರ್ಜಿ ಹಾಕಬೇಕೆಂಬುದು ನಿಯಮ. ತಡವಾಗಿದ್ದರೆ ದಂಡ ಕಟ್ಟಿ ಮಾಡಿಸಿ. ಆಮೇಲೆ ಮಾರಿ.

ಕೊಳ್ಳುವವರು ಕಾಸರಗೋಡಿನವರು. ನಮ್ಮ ಕಡೆಯಿಂದ ಏನಾಗಬೇಕು?
(ಓದುಗರು, ಮಂಗಳೂರು)

ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ನೀವೇ ತೆಗೆಸಿ, ಹಣ ಬಂದ ಮೇಲೆ ಕೊಡಿ. ಬೇರೆ ರಾಜ್ಯದ ಮಾರಾಟ ತಿಳಿಸಲು ನಿಮಗೆ 45 ದಿನ. ಕೇರಳದಲ್ಲಿ ಅವರು ಹೊಸದಾಗಿ ನೋಂದಣಿ ಮಾಡಿಸಿ ತೆರಿಗೆ ಕಟ್ಟುವ ತನಕ ಹೆಸರು ನಿಮ್ಮದೇ, ಆದ್ದರಿಂದ ಬೆಲೆಯ ಮೇಲೆ 15–20 ಸಾವಿರ ಹಿಡಿದಿಟ್ಟುಕೊಳ್ಳುವುದು ಇಲ್ಲಿ ಅವರಲ್ಲ, ನೀವು: ಠೇವಣಿಯಾಗಿ ಪಡೆದು, ಹೊಸ ಆರ್‌ಸಿ ತೋರಿಸಿದ ದಿನ ವಾಪಸ್ ಕೊಡಿ. ನೀವು ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಭಾಗ ಕರ್ನಾಟಕದಿಂದ ವಾಪಸ್ ಬರುವುದಿದೆ. ಅದು ಯಾರ ಪಾಲು ಎಂಬುದನ್ನೂ ಕರಾರಿನಲ್ಲಿ ಬರೆಯಿರಿ, ಹೊಸ ಆರ್‌ಸಿಯ ಪ್ರತಿ ಅದಕ್ಕೂ ಬೇಕು.

ಹಣ ಹೇಗೆ ತೆಗೆದುಕೊಂಡರೆ ಕ್ಷೇಮ?
(ಓದುಗರು, ತುಮಕೂರು)

ಕೊಳ್ಳುವವರ ಬ್ಯಾಂಕಿಗೆ ಇಬ್ಬರೂ ಹೋಗಿ ಆರ್‌ಟಿಜಿಎಸ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಎರಡು ಲಕ್ಷದಿಂದ ಮೇಲಿನ ಮೊತ್ತಕ್ಕೆ ಅದು. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದರೆ ಅಲ್ಲಿಗೇ ಫೋನ್ ಇಡಿ. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ಡಿಡಿ ತಂದರೆ ಅದನ್ನು ಕೊಟ್ಟ ಶಾಖೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ, ನಂಬರನ್ನು ಡಿಡಿ ತಂದವರಿಂದ ಕೇಳದೆ ನೀವೇ ಹುಡುಕಿ. ನಗದಾಗಿ ಎರಡು ಲಕ್ಷ ಅಥವಾ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಒಂದೇ ವ್ಯವಹಾರದ್ದನ್ನು ನಾಲ್ಕು ದಿನ ಹಂಚಿ ಪಡೆದರೂ ಅಷ್ಟೇ, ತೆಗೆದುಕೊಂಡವರಿಗೇ ಅಷ್ಟು ಮೊತ್ತದ ದಂಡ. ಟೆಸ್ಟ್ ಡ್ರೈವ್‌ಗೆ ಅಸಲು ಲೈಸೆನ್ಸ್ ನೋಡಿ ಫೋಟೊ ತೆಗೆದುಕೊಂಡು, ನೀವು ಪಕ್ಕದಲ್ಲಿ ಕೂತೇ ಹೋಗಿ. ವಾಪಸ್ ಬಂದ ಮೇಲೆ ಅವರು ಕೈಗಿಟ್ಟ ಕೀ ನಿಮ್ಮ ಕಾರಿನದೇ ಎಂದು ಒಂದು ಸಲ ಸ್ಟಾರ್ಟ್ ಮಾಡಿ ನೋಡಿಕೊಳ್ಳಿ.