ನಾನೇ ರೂಪಿಸಿದ ಮಾಯಾಖಡ್ಗ 5ನೇ ಹಂತದ ತಂಡಕ್ಕೆ ಹೆಚ್ಚಾಯಿತೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ದಾಳ ಉರುಳಿಸಿ ಕಥೆ ಕಟ್ಟುವ ಪಾತ್ರಾಭಿನಯದ ಆಟವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿಯಲ್ಲಿ, 2014ರ ನಿಯಮಗಳಂತೆ, ನೀವು ನಾಲ್ವರ ತಂಡವೊಂದಕ್ಕೆ ಡಂಜನ್ ಮಾಸ್ಟರ್ (ಆಟ ನಡೆಸುವವರು) ಆಗಿದ್ದೀರಿ. ತಂಡದಲ್ಲಿ ಫೈಟರ್ (ಯೋಧ), ಮಾಂಕ್ (ಕಾದಾಡುವ ಸನ್ಯಾಸಿ), ರೋಗ್ (ಕಳ್ಳಚತುರ) ಮತ್ತು ಕ್ಲೆರಿಕ್ (ಪುರೋಹಿತ) ಇದ್ದಾರೆ, ಎಲ್ಲರೂ 5ನೇ ಹಂತದವರು. ಫೈಟರ್‌ಗೆಂದು ನೀವು ರೂಪಿಸಿರುವ ಖಡ್ಗಕ್ಕೆ +2 ಬೋನಸ್ (ಏಟಿನ ದಾಳಕ್ಕೂ ಪೆಟ್ಟಿಗೂ ಎರಡು ಅಂಕ ಹೆಚ್ಚು) ಇದೆ, ತಗುಲಿದ ಪ್ರತಿ ಏಟಿಗೂ ಮಿಂಚಿನ 2ಡಿ6 (ಆರು ಮುಖದ ಎರಡು ದಾಳಗಳ ಮೊತ್ತದಷ್ಟು) ಪೆಟ್ಟು ಸೇರುತ್ತದೆ, ಏಟು ತಿಂದ ಎದುರಾಳಿ ಡಿಸಿ 15ರ ಕಾನ್‌ಸ್ಟಿಟ್ಯೂಷನ್ ಸೇವ್‌ನಲ್ಲಿ ಸೋತರೆ (ದೇಹದಾರ್ಢ್ಯದ ದಾಳದಲ್ಲಿ ಬೋನಸ್ ಸೇರಿ 15 ಬರದಿದ್ದರೆ) ಒಂದು ಸುತ್ತು ಸ್ಟನ್ ಆಗಿ, ಅಂದರೆ ಏನೂ ಮಾಡಲಾರದೆ ನಿಲ್ಲುತ್ತದೆ. ಇದು ಹೆಚ್ಚಾಯಿತೇ ಎಂದು ಕೇಳಿದ್ದೀರಿ. ಹೆಚ್ಚಾಯಿತು ಎಂದೇ ನನ್ನ ಉತ್ತರ. ಆದರೆ ಖಡ್ಗದ ಕಲ್ಪನೆಯನ್ನು ಕೈಬಿಡಬೇಕಿಲ್ಲ. ಎಲ್ಲಿ ಎಷ್ಟು ಹೆಚ್ಚಾಗಿದೆ ಎಂದು ಲೆಕ್ಕ ಹಾಕಿ ನೋಡಿದರೆ ತಿದ್ದುವುದು ಸುಲಭ.

ಮೊದಲು ಫೈಟರ್‌ನ ಒಂದು ಸುತ್ತನ್ನು ಕಾಗದದ ಮೇಲೆ ಬರೆಯೋಣ. ಸ್ಟ್ರೆಂತ್ 18 ಎಂದಿಟ್ಟುಕೊಂಡರೆ ಏಟಿನ ಬೋನಸ್ +7 ಆಗುತ್ತದೆ, 5ನೇ ಹಂತದಲ್ಲಿ ಸರದಿಗೆ ಎರಡು ಏಟುಗಳಿರುತ್ತವೆ. ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕ) 15 ಇದ್ದರೆ ಇಪ್ಪತ್ತು ಮುಖದ ಡಿ20 ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು, ಅಂದರೆ 65 ಪ್ರತಿಶತ. ಸಾಧಾರಣ ಲಾಂಗ್‌ಸ್ವರ್ಡ್‌ನ ಏಟಿಗೆ ಸರಾಸರಿ 8.5 ಪೆಟ್ಟು. ಕ್ರಿಟಿಕಲ್ ಏಟುಗಳನ್ನು (ದಾಳದಲ್ಲಿ 20 ಬಿದ್ದು ಪೆಟ್ಟು ಹೆಚ್ಚುವಂಥವು) ಬದಿಗಿಟ್ಟರೆ ಎರಡೂ ಏಟು ಸೇರಿ ಸುತ್ತಿಗೆ ಸರಾಸರಿ 11. ಇದೇ ಲೆಕ್ಕದಲ್ಲಿ +1 ಖಡ್ಗ 13.3 ಕೊಡುತ್ತದೆ, +2 ಖಡ್ಗ 15.75 ಕೊಡುತ್ತದೆ, ಎಲ್ಲರಿಗೂ ಪರಿಚಿತವಾದ ಫ್ಲೇಮ್ ಟಂಗ್ ಎಂಬ ಜ್ವಾಲೆಯ ಖಡ್ಗ ಸುಮಾರು 20 ಕೊಡುತ್ತದೆ. ನಿಮ್ಮ ಖಡ್ಗ ಕೊಡುವುದು 26ಕ್ಕೂ ಹೆಚ್ಚು. ಫ್ಲೇಮ್ ಟಂಗ್ ರೇರ್ (ಅಪರೂಪದ) ದರ್ಜೆಯದು, ಅಟ್ಯೂನ್‌ಮೆಂಟ್ (ಪಾತ್ರ ವಸ್ತುವಿನೊಂದಿಗೆ ಬೆಸೆದುಕೊಳ್ಳುವುದು) ಬೇಡುತ್ತದೆ, ಜ್ವಾಲೆ ಹೊತ್ತಿಸಲು ಒಂದು ಬೋನಸ್ ಆ್ಯಕ್ಷನ್ (ಸರದಿಯ ಚಿಕ್ಕ ಹೆಚ್ಚುವರಿ ಕ್ರಿಯೆ) ಖರ್ಚಾಗುತ್ತದೆ. ಇಷ್ಟೆಲ್ಲ ಇರುವ ಆಯುಧವನ್ನೇ ನಿಮ್ಮದು ಪೆಟ್ಟಿನ ಲೆಕ್ಕದಲ್ಲಿ ಹಿಂದಿಕ್ಕಿದೆ, ಸ್ಟನ್ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಆ +2ನ್ನು ಸಣ್ಣದೆಂದು ಎಣಿಸಬೇಡಿ. ಈ ಆವೃತ್ತಿಯಲ್ಲಿ ಪಾತ್ರವೊಂದು 1ನೇ ಹಂತದಿಂದ 20ನೇ ಹಂತಕ್ಕೆ ಬೆಳೆಯುವಾಗ ಅದರ ಪ್ರೊಫಿಷಿಯೆನ್ಸಿ ಬೋನಸ್ (ಪರಿಣತಿಯ ಅಂಕ) +2ರಿಂದ +6ಕ್ಕೆ ಏರುತ್ತದೆ, ಅಂದರೆ ಇಡೀ ಆಯುಷ್ಯದಲ್ಲಿ ನಾಲ್ಕೇ ಅಂಕ. ಅದರ ಅರ್ಧದಷ್ಟನ್ನು ನೀವು ಒಂದು ಸಂಜೆಯಲ್ಲಿ ಕೈಗಿಡುತ್ತಿದ್ದೀರಿ. ಹಳೆಯ ಆವೃತ್ತಿಗಳನ್ನು ಆಡಿದವರು ಈ ವಿಷಯದಲ್ಲಿ ಕೊಡುವ ಸಲಹೆಯನ್ನು ನೇರವಾಗಿ ಎತ್ತಿಕೊಳ್ಳಬಾರದು ಎಂದು ನಾನು ಹೇಳುವುದು ಇದಕ್ಕೇ. 3ನೇ ಆವೃತ್ತಿಯಲ್ಲಿ ಫೈಟರ್‌ನ ಮೂಲ ಬೋನಸ್ಸೇ ಹಂತಕ್ಕೊಂದರಂತೆ +20ರವರೆಗೆ ಏರುತ್ತಿತ್ತು, ಅಲ್ಲಿ +2 ಬಂದು ಸೇರಿದರೆ ಗೊತ್ತೇ ಆಗುತ್ತಿರಲಿಲ್ಲ.

ಈಗ ಸ್ಟನ್‌ಗೆ ಬರೋಣ, ಏಕೆಂದರೆ ನನಗೆ ಹೆಚ್ಚು ಕಳವಳ ಇರುವುದು ಅದರ ಬಗ್ಗೆ. ಕಾನ್‌ಸ್ಟಿಟ್ಯೂಷನ್ ಸೇವ್ +3 ಇರುವ ಎದುರಾಳಿ ಡಿಸಿ 15ಕ್ಕೆ 55 ಪ್ರತಿಶತ ಸಲ ಸೋಲುತ್ತದೆ. ನಿಮ್ಮ ಖಡ್ಗದ ಏಟು ತಗುಲುವ ಸಾಧ್ಯತೆ 75 ಪ್ರತಿಶತ. ಎರಡು ಏಟುಗಳಲ್ಲಿ ಒಂದಾದರೂ ಸ್ಟನ್ ಮಾಡುವ ಸಾಧ್ಯತೆ ಲೆಕ್ಕ ಹಾಕಿದರೆ ಸುಮಾರು 65 ಪ್ರತಿಶತ ಬರುತ್ತದೆ. ಹೆಚ್ಚುಕಡಿಮೆ ಮೂರು ಸುತ್ತುಗಳಲ್ಲಿ ಎರಡರಲ್ಲಿ ಎದುರಾಳಿ ಏನೂ ಮಾಡಲಾರದೆ ನಿಂತಿರುತ್ತದೆ, ಇದಕ್ಕೆ ಫೈಟರ್ ಏನನ್ನೂ ವ್ಯಯಿಸಬೇಕಿಲ್ಲ. ನಿಮ್ಮ ಮಾಂಕ್ ಇದೇ 5ನೇ ಹಂತದಲ್ಲಿ ಸ್ಟನ್ನಿಂಗ್ ಸ್ಟ್ರೈಕ್ ಎಂಬ, ಎದುರಾಳಿಯನ್ನು ಸ್ಟನ್ ಮಾಡುವ ವಿದ್ಯೆ ಪಡೆಯುತ್ತಾರೆ. ಅವರ ಬಳಿ ಇರುವುದು ಐದು ಕೀ ಪಾಯಿಂಟ್ (ಇಂಥ ವಿದ್ಯೆಗಳಿಗೆ ಖರ್ಚಾಗುವ ಅಂಕ), ಪ್ರತಿ ಪ್ರಯತ್ನಕ್ಕೂ ಒಂದು ಹೋಗುತ್ತದೆ, ವಿಸ್‌ಡಮ್ 16 ಇದ್ದರೆ ಅವರ ಡಿಸಿ 14. ನಾಲ್ಕು ಹಂತ ಕಾದು ಅವರು ಗಳಿಸಿದ ವಿದ್ಯೆಯನ್ನು, ಅವರಿಗಿಂತ ಚೆನ್ನಾಗಿ, ಪುಕ್ಕಟೆಯಾಗಿ, ಪಕ್ಕದಲ್ಲಿ ಕುಳಿತವರು ಮಾಡುತ್ತಾರೆ. ಹೋಂಬ್ರೂ (ನಾವೇ ರೂಪಿಸಿದ) ವಸ್ತುಗಳಲ್ಲಿ ನಾನು ಮೊದಲು ಹುಡುಕುವ ದೋಷ ಇದೇ: ಈ ವಸ್ತು ಮೇಜಿನ ಸುತ್ತ ಕುಳಿತ ಬೇರೊಬ್ಬರ ಕೆಲಸವನ್ನು ಕಸಿದುಕೊಳ್ಳುತ್ತದೆಯೇ?

ಇದನ್ನು ನಾನು ಕಲಿತದ್ದು ಒಂದು ಲಾಂದ್ರದಿಂದ. ನಮ್ಮ ಮನೆಯ ಊಟದ ಮೇಜಿನ ಮೇಲೆ ನಡೆಯುವ ಕ್ಯಾಂಪೇನ್‌ನಲ್ಲಿ (ಹಲವು ಸೆಷನ್‌ಗಳ ಕಥೆಯಲ್ಲಿ), 30 ಅಡಿಯೊಳಗಿನ ಗುಪ್ತದ್ವಾರಗಳನ್ನೂ ಬಲೆಗಳನ್ನೂ ಬೆಳಗಿಸಿ ತೋರಿಸುವ ಲಾಂದ್ರವೊಂದನ್ನು ವಿಝರ್ಡ್‌ಗೆ (ಮಾಂತ್ರಿಕನಿಗೆ) ಕೊಟ್ಟಿದ್ದೆ. ಯುದ್ಧದಲ್ಲಿ ಅದರಿಂದ ಒಂದು ಪೆಟ್ಟೂ ಹೆಚ್ಚಾಗುವುದಿಲ್ಲವಾದ್ದರಿಂದ ಅದು ನಿರುಪದ್ರವಿ ಎಂದು ನಂಬಿದ್ದೆ. ಎರಡನೇ ಸೆಷನ್‌ನಲ್ಲಿ ತಂಡ ಒಂದು ಸಮಾಧಿಯ ಓಣಿಗೆ ಬಂದಾಗ, ರೋಗ್ ಆಡುವ ಗೆಳತಿ ನೆಲ ಪರೀಕ್ಷಿಸುತ್ತೇನೆಂದು ದಾಳ ಕೈಗೆತ್ತಿಕೊಂಡರು. ಅಷ್ಟರಲ್ಲಿ ವಿಝರ್ಡ್ ಆಡುವವರು, “ಬಿಡಿ, ಲಾಂದ್ರ ತೋರಿಸುತ್ತೆ” ಎಂದರು. ಗೆಳತಿ ದಾಳವನ್ನು ಹಾಳೆಯ ಮೇಲಿಟ್ಟು, ಉಳಿದ ಹೊತ್ತೆಲ್ಲ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಚೌಕಗಳನ್ನು ಬಿಡಿಸುತ್ತ ಕುಳಿತರು. ತಪ್ಪು ನನ್ನದೆಂದು ಆ ರಾತ್ರಿಯೇ ಹೊಳೆಯಿತು. ಮುಂದಿನ ವಾರ ಇಬ್ಬರೊಂದಿಗೂ ಮಾತನಾಡಿ ಲಾಂದ್ರವನ್ನು ಬದಲಿಸಿದೆ: ಬಲೆ ಹತ್ತಿರವಿದ್ದರೆ ಜ್ವಾಲೆ ನೀಲಿಯಾಗುತ್ತದೆ, ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಅಂದಿನಿಂದ ಜ್ವಾಲೆ ನೀಲಿಯಾದಾಗಲೆಲ್ಲ ಎಲ್ಲರೂ ರೋಗ್‌ನ ಕಡೆಗೆ ತಿರುಗುತ್ತಾರೆ.

ಎದುರಾಳಿಗಳನ್ನೂ ಬಲಪಡಿಸಿದರೆ ಸರಿಹೋಗುತ್ತದಲ್ಲವೇ ಎಂದು ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ. ಸರಿಹೋಗುವುದಿಲ್ಲ. ನಿಮ್ಮ ಖಡ್ಗಕ್ಕೆ ತಕ್ಕಂತೆ ಎದುರಾಳಿಯ ಹಿಟ್ ಪಾಯಿಂಟ್‌ಗಳನ್ನು (ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕವನ್ನು) ಏರಿಸಿದರೆ ರೋಗ್‌ನ 3ಡಿ6 ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆಯುವ ಹೆಚ್ಚುವರಿ ಪೆಟ್ಟು) ಇದ್ದಕ್ಕಿದ್ದಂತೆ ಚಿಕ್ಕದಾಗಿ ಕಾಣುತ್ತದೆ. ರಕ್ಷಣೆಯ ವಸ್ತುಗಳಲ್ಲಿ ಇದು ಇನ್ನೂ ಸ್ಪಷ್ಟ. ಪ್ಲೇಟ್ ಕವಚಕ್ಕೆ ಆರ್ಮರ್ ಕ್ಲಾಸ್ 18, ಗುರಾಣಿಗೆ 2, ಒಟ್ಟು 20. ಅಲ್ಲಿ +5 ಬೋನಸ್‌ನ ಎದುರಾಳಿಯ ಏಟು 30 ಪ್ರತಿಶತ ಸಲ ತಗುಲುತ್ತದೆ. ಗುರಾಣಿಗೆ ಮಾಯೆಯ +2 ಸೇರಿದರೆ ಅದು 20 ಪ್ರತಿಶತಕ್ಕೆ ಇಳಿದು, ತಗುಲುವ ಏಟುಗಳಲ್ಲಿ ಮೂರನೇ ಒಂದು ಭಾಗ ಮಾಯವಾಗುತ್ತದೆ. ಅದನ್ನು ಸರಿದೂಗಿಸಲೆಂದು ನೀವು ಎದುರಾಳಿಗೆ +7 ಕೊಟ್ಟರೆ, ಆ ಹೆಚ್ಚುವರಿ ಏಟುಗಳನ್ನು ತಿನ್ನುವವರು ಆರ್ಮರ್ ಕ್ಲಾಸ್ 16ರ ಮಾಂಕ್. ವಸ್ತು ಒಬ್ಬರ ಕೈಯಲ್ಲಿ, ಅದರ ಬೆಲೆ ತೆರುವವರು ಇನ್ನೊಬ್ಬರು.

ಶಾಪವನ್ನೋ ದೌರ್ಬಲ್ಯವನ್ನೋ ಸೇರಿಸಿ ತೂಗುವುದನ್ನೂ ನಾನು ಒಪ್ಪುವುದಿಲ್ಲ. ನೀರಿಗಿಳಿದರೆ ಖಡ್ಗ ಹಿಡಿದವರಿಗೆ ಪೆಟ್ಟಾಗುತ್ತದೆ ಎಂಬಂಥ ನಿಯಮ ವರ್ಷಕ್ಕೊಮ್ಮೆ ನೆನಪಾಗುತ್ತದೆ, 2ಡಿ6 ಮಾತ್ರ ಪ್ರತಿ ಸುತ್ತಿನಲ್ಲೂ ಬೀಳುತ್ತದೆ. ಚಾರ್ಜ್‌ಗಳು, ಅಂದರೆ ವಸ್ತುವಿನ ಶಕ್ತಿಯನ್ನು ಎಣಿಸಿದಷ್ಟು ಸಲವೇ ಬಳಸಬಹುದೆಂಬ ಮಿತಿ, ಹೀಗಲ್ಲ. ಮೂರು ಚಾರ್ಜ್ ಇದ್ದರೆ ಈಗ ಬಳಸಲೇ, ಮುಂದಿನ ಕೋಣೆಗೆ ಉಳಿಸಿಕೊಳ್ಳಲೇ ಎಂದು ಆಟಗಾರರು ಪ್ರತಿ ಸಲವೂ ಯೋಚಿಸಬೇಕಾಗುತ್ತದೆ, ಆ ಯೋಚನೆಯಲ್ಲಿ ಆಟದ ರುಚಿ ಇದೆ.

ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಹೊಸ ವಸ್ತು ರೂಪಿಸುವವರಿಗಾಗಿ ದರ್ಜೆಗೆ ತಕ್ಕ ಗರಿಷ್ಠ ಬೋನಸ್ ಕೊಟ್ಟಿದ್ದಾರೆ: ಅನ್‌ಕಾಮನ್‌ಗೆ +1, ರೇರ್‌ಗೆ +2, ವೆರಿ ರೇರ್‌ಗೆ +3, ಲೆಜೆಂಡರಿಗೆ +4. ಅದನ್ನು ಮೇಲ್ಮಿತಿಯೆಂದು ಮಾತ್ರ ಓದಿ. ದರ್ಜೆಯ ಹೆಸರನ್ನೇ ನಂಬಿದರೂ ಮೋಸ ಹೋಗುತ್ತೇವೆ. ಬ್ರೂಮ್ ಆಫ್ ಫ್ಲೈಯಿಂಗ್ (ಹಾರುವ ಪೊರಕೆ) ಅನ್‌ಕಾಮನ್ ದರ್ಜೆಯದು, ಅಟ್ಯೂನ್‌ಮೆಂಟ್ ಕೂಡ ಬೇಕಿಲ್ಲ, ಆದರೆ ಅದು ಬಂದ ದಿನದಿಂದ ನಿಮ್ಮ ಕಂದರಗಳೂ ಕೋಟೆಗೋಡೆಗಳೂ ತಡೆಗಳಾಗಿ ಉಳಿಯುವುದಿಲ್ಲ.

ನಿಮ್ಮ ಖಡ್ಗವನ್ನು ನಾನು ಹೀಗೆ ತಿದ್ದುತ್ತೇನೆ. ರೇರ್ ದರ್ಜೆ, ಅಟ್ಯೂನ್‌ಮೆಂಟ್ ಬೇಕು. ಒಬ್ಬರಿಗೆ ಮೂರು ವಸ್ತುಗಳಿಗಷ್ಟೇ ಅಟ್ಯೂನ್ ಆಗಲು ಸಾಧ್ಯವಿರುವುದರಿಂದ ಇದು ಮುಂದಿನ ಹಂತಗಳಲ್ಲೂ ಕಡಿವಾಣವಾಗಿ ಕೆಲಸ ಮಾಡುತ್ತದೆ. +2 ತೆಗೆದುಬಿಡಿ. ಮಿಂಚಿನ ಪೆಟ್ಟು 1ಡಿ6 ಇರಲಿ. ಲೆಕ್ಕ ಹಾಕಿದರೆ ಸುತ್ತಿಗೆ 15.6 ಬರುತ್ತದೆ, +2 ಖಡ್ಗದ 15.75ಕ್ಕೆ ತೀರಾ ಹತ್ತಿರ, ಆದರೆ ಮೇಜಿನ ಮೇಲೆ ಮಿಂಚಿನ ದಾಳ ಬೇರೆಯಾಗಿ ಉರುಳುವ ಸಂತೋಷ ಇದರಲ್ಲಿದೆ. ಸ್ಟನ್‌ನ ಜಾಗದಲ್ಲಿ ಮೂರು ಚಾರ್ಜ್ ಇಡಿ: ಏಟು ತಗುಲಿದಾಗ ಒಂದು ಚಾರ್ಜ್ ವ್ಯಯಿಸಿದರೆ ಎದುರಾಳಿ ತನ್ನ ಮುಂದಿನ ಸರದಿಯ ಆರಂಭದವರೆಗೆ ರಿಯಾಕ್ಷನ್ (ಎದುರಿನವರು ಸರಿದುಹೋಗುವಾಗ ಹೊಡೆಯುವಂಥ ತಕ್ಷಣದ ಪ್ರತಿಕ್ರಿಯೆ) ಬಳಸಲಾಗದು. ಶಾಕಿಂಗ್ ಗ್ರಾಸ್ಪ್ ಮಂತ್ರದಲ್ಲಿ ಈಗಾಗಲೇ ಇರುವ ಪರಿಣಾಮ ಇದು, ಹಾಗಾಗಿ ಹೊಸ ನಿಯಮ ಕಲಿಸಬೇಕಿಲ್ಲ. ಪೆಟ್ಟು ತಿಂದ ಕ್ಲೆರಿಕ್ ಹಿಂದೆ ಸರಿಯಬಹುದು, ಮಾಂಕ್ ನುಗ್ಗಿ ಬಡಿದು ನಿಶ್ಚಿಂತೆಯಿಂದ ಹೊರಬರಬಹುದು. ಖಡ್ಗದ ಲಾಭ ನಾಲ್ವರಿಗೂ ಹಂಚಿಹೋಗುತ್ತದೆ. ಪ್ರತಿ ಮುಂಜಾನೆ 1ಡಿ3 ಚಾರ್ಜ್ ಮರಳಲಿ. ಯುದ್ಧದ ಹೊರಗಿನ ಒಂದು ಗುಣವನ್ನೂ ಸೇರಿಸಿ: ಒಂದು ಗಂಟೆಯೊಳಗೆ ಸಿಡಿಲುಮಳೆ ಬರುವುದಿದ್ದರೆ ಹಿಡಿ ಜುಮ್ಮೆನ್ನುತ್ತದೆ. ಆಟದ ಸಮತೋಲಕ್ಕೆ ಇದರಿಂದ ಏನೂ ಆಗದು, ಆದರೆ ಆರು ತಿಂಗಳ ಮೇಲೆ ಆಟಗಾರರು ನೆನೆಯುವುದು ಬಹುಶಃ ಇದನ್ನೇ.

ಇದನ್ನೆಲ್ಲ ಒಂದು ಕಾರ್ಡಿನ ಮೇಲೆ ಬರೆದು ಫೈಟರ್ ಆಡುವವರಿಗೆ ಕೊಡಿ, “ಮೂರು ಸೆಷನ್ ಆಡಿ ನೋಡೋಣ, ಬೇಕಾದರೆ ತಿದ್ದೋಣ” ಎಂದು ಅದರ ಕೆಳಗೆ ಮೊದಲೇ ಬರೆದಿರಿ. ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ ಕಥೆಯೊಳಗೆ ಕಳ್ಳನನ್ನು ಕಳಿಸಿ ಖಡ್ಗ ಕದಿಸಬೇಡಿ, ನೇರವಾಗಿ ಮಾತನಾಡಿ. ಕೊಡುವ ಮುನ್ನ ಕಾರ್ಡನ್ನು ಮಾಂಕ್ ಆಡುವವರಿಗೊಮ್ಮೆ ತೋರಿಸಿ, ಈ ರಿಯಾಕ್ಷನ್ ತಡೆಯನ್ನು ನೀವು ಯಾವಾಗ ಬಳಸಿಕೊಳ್ಳುತ್ತೀರಿ ಎಂದು ಕೇಳಿ ನೋಡಿ.