ಪ್ಲಗ್ ಮೇಲೆ ಸಿಟ್ಟಾಗ್ಬೇಡ್ರಿ, ಕಾರ್ಬುರೇಟರ್ ನೋಡ್ರಿ

ಬೇಸಿಗೆ ಪೂರ್ತಿ ಫೋರ್ ಸ್ಟ್ರೋಕ್ ವೀಡ್ ಕಟರ್ (ಕಳೆ ಕೊಚ್ಚೋ ಮಷೀನ್) ಮೂಲೇಲಿ ಇಟ್ಟಿದ್ದೆ, ಈಗ ಎರಡು ಸ್ಪಾರ್ಕ್ ಪ್ಲಗ್ (ಕಿಡಿ ಕೊಡೋದು) ಬದಲಾಯಿಸಿದ್ರೂ ಸ್ಟಾರ್ಟ್ ಆಗ್ತಿಲ್ಲ ಅಂದ್ರಲ್ಲ ಅಣ್ಣಾ, ಇನ್ನೊಂದು ಪ್ಲಗ್ಗಿಗೆ ದುಡ್ಡು ಹಾಕ್ಬೇಡ್ರಿ. ಹತ್ತು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ ನೋಡ್ರಿ, ತುದಿ ಒಣಗೇ ಇದ್ರೆ ಪೆಟ್ರೋಲೇ ಮೇಲೆ ಬರ್ತಿಲ್ಲ ಅಂತ ಅರ್ಥ, ಆವಾಗ ಗಾಳಿ-ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕಳಿಸೋ ಕಾರ್ಬುರೇಟರ್ ನೋಡ್ಬೇಕು.

ನಮ್ದು ಚನ್ನಗಿರಿ ಹತ್ರ ಅಡಿಕೆ ತೋಟ, ನಂಗೂ ಹೋದ ವರ್ಷ ಇದೇ ಕಥೆ. ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತಲ್ಲ ಅದು ಗಾಳೀಲಿರೋ ನೀರಿನಂಶ ಎಳ್ಕೊಳುತ್ತೆ, ಜೊತೆಗೆ ಹಳೇ ಪೆಟ್ರೋಲ್ ಒಣಗಿ ಕಾರ್ಬುರೇಟರ್ ಒಳಗಿನ ಜೆಟ್ಟಲ್ಲಿ (ಪೆಟ್ರೋಲ್ ಹೋಗೋ ಸಣ್ಣ ತೂತು) ಅಂಟು ಕಟ್ಟುತ್ತೆ, ಬಿಚ್ಚಿ ನೋಡಿದ್ರೆ ಒಳಗೆ ಜೋನಿಬೆಲ್ಲ ಮೆತ್ತಿದಂಗೆ ಇತ್ತು, ಪೆಟ್ರೋಲ್ ಎಳೆಯೋ ತೆಳು ಡಯಾಫ್ರಂ ರಬ್ಬರ್ ಹಪ್ಪಳದಂಗೆ ಸೆಟೆದುಬಿಟ್ಟಿತ್ತು. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು, ಡಯಾಫ್ರಂ ಕಿಟ್ ಬದಲಾಯಿಸಿದ್ಮೇಲೆ ಮೂರನೇ ಎಳೆತಕ್ಕೆ ಎದ್ದೇಳ್ತು. ಜೆಟ್ ತೂತಿಗೆ ತಂತಿ ಗಿಂತಿ ಹಾಕಿ ಕೆದಕ್ಬೇಡ್ರಿ, ತೂತು ದೊಡ್ಡದಾದ್ರೆ ಆಮೇಲೆ ಸೆಟ್ಟಿಂಗೇ ಕೂರಲ್ಲ. ಟ್ಯಾಂಕ್ ಒಳಗೆ ಪೈಪ್ ತುದೀಲಿ ಪುಟ್ಟ ಫಿಲ್ಟರ್ ಐತೆ, ಅದನ್ನೂ ಎಳೆದು ನೋಡ್ರಿ.

ಹಳೇ ಪ್ಲಗ್ ಬಿಸಾಕಿಲ್ಲ ತಾನೆ? ತುದಿ ತಿಳಿ ಕಂದು ಇದ್ರೆ ಅದು ಚೆನ್ನಾಗೇ ಐತೆ. ಒಣಮಸಿ ಇದ್ರೆ ಏರ್ ಫಿಲ್ಟರ್ ಕಟ್ಟಿರುತ್ತೆ ಇಲ್ಲಾ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ಕಮ್ಮಿ ಮಾಡೋ ಲಿವರ್) ಹಾಕ್ಕೊಂಡೇ ಓಡ್ಸಿರ್ತೀರಿ. ಆಯಿಲ್ ಜಿಡ್ಡು ಇದ್ರೆ ಮಷೀನ್ ಅಡ್ಡಾದಿಡ್ಡಿ ಮಲಗ್ಸಿ ಇಟ್ಟಿರ್ತೀರಿ, ನಮ್ಮ ಆಳುಗಳು ದಿನಾ ಮಾಡೋದೇ ಅದು. ಪ್ಲಗ್ ತುದಿಗೆ ತಂತಿ ಬ್ರಷ್ ಹೊಡೆದು, ಕಿಡಿ ಹಾರೋ ಗ್ಯಾಪ್ 0.6ರಿಂದ 0.7 ಮಿ.ಮೀ. ಇಡ್ರಿ, ನಿಮ್ಮ ಮಷೀನ್ ಪುಸ್ತಕದಲ್ಲಿ ಬೇರೆ ಅಳತೆ ಇದ್ರೆ ಅದನ್ನೇ ಇಡ್ರಿ.

ಮುಂದಿನ ಸಲ ಮಷೀನ್ ಮೂಲೇಲಿ ಎತ್ತಿಡೋ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ಆಫ್ ಆಗೋವರ್ಗೂ ಓಡ್ಸಿಬಿಡ್ರಿ. ಪ್ಲಗ್ ಬಿಚ್ಚಿದ್ಮೇಲೆ ತುದಿ ಬಣ್ಣ ಹೆಂಗಿತ್ತು ಅಂತ ಇಲ್ಲೇ ಹಾಕ್ರಿ.